ಬಾಯಿಗಿಡದ ಶಾವಿಗೆ

ರಾಯದುರ್ಗದ ಸಿದ್ದರಾಮೇಶ್ ಹನ್ನೊಂದು ವರ್ಷದಿಂದ ಗೋವಾದ ಹೋಟೆಲೊಂದರಲ್ಲಿ ಫಿದೆವಾ ಮಾಡುತ್ತಿದ್ದ. ಹುರಿದ ಶಾವಿಗೆಯನ್ನು ಮೀನಿನ ಸಾರಿನಲ್ಲಿ ಬೇಯಿಸಿ, ಮೇಲೆ ಸೀಗಡಿ ಜೋಡಿಸುವ ಸ್ಪೇನ್ ದೇಶದ ಅಡುಗೆ ಅದು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಅದನ್ನು ಒಮ್ಮೆಯೂ ಬಾಯಿಗಿಟ್ಟಿರಲಿಲ್ಲ. ಉಪ್ಪು ನೋಡುವುದು ಪಕ್ಕದ ಒಲೆಯ ಫರ್ನಾಂಡಿಸನ ಕೆಲಸವಾಗಿತ್ತು.

ತಮ್ಮನ ಗೃಹಪ್ರವೇಶಕ್ಕೆ ಊರಿಗೆ ಬಂದವನು ತಾನೇ ಮುಂದೆ ನಿಂತು ಶಾವಿಗೆ ಪಾಯಸ ಮಾಡಿದ. ಬಡಿಸಲು ಹೋದರೆ ಬೀಗರೆಲ್ಲ ಒಬ್ಬರ ಹಿಂದೊಬ್ಬರು ಎಲೆಗೆ ಕೈ ಅಡ್ಡ ಹಿಡಿದರು. ತಮ್ಮನೂ ಹಿಡಿದ.

"ಸೀಗಡಿ ಮುಟ್ಟಿದ ಕೈ ಅಂತಾರಪ್ಪ," ಎಂದಳು ಸಾಲಿನ ಕೊನೆಯಲ್ಲಿ ಕೂತಿದ್ದ ಅವ್ವ ಕೊಟ್ರಮ್ಮ.

"ನಾ ಒಂದಿನಾನೂ ತಿಂದಿಲ್ಲವ್ವ."

"ನನಗ ಗೊತ್ತಿಲ್ಲೇನು?"

ಗೊತ್ತಿತ್ತು. ಆದರೂ ಅವನು ಬಗ್ಗಿ ಸೌಟು ಚಾಚಿದಾಗ ಅವಳ ಕೈಯೂ ಎಲೆಗೆ ಅಡ್ಡ ಬಂತು.

ಪಾಯಸವನ್ನು ಎಮ್ಮೆಯ ಕಲಗಚ್ಚಿಗೆ ಸುರಿದು, ಮರುದಿನವೇ ಬಸ್ಸು ಹತ್ತಿದ. ಗೋವಾದಲ್ಲಿ ಫರ್ನಾಂಡಿಸ್ ಎಂದಿನಂತೆ ಚಮಚ ಎತ್ತಿಕೊಂಡ. ಸಿದ್ದರಾಮೇಶ್ ಅದನ್ನು ಅವನ ಕೈಯಿಂದ ಇಸಿದುಕೊಂಡು, ತಾನೇ ಉಪ್ಪು ನೋಡಿದ. ಕೊರಳ ಲಿಂಗ ಏನೂ ಅನ್ನಲಿಲ್ಲ. ಅನ್ನುವವರೆಲ್ಲ ಆಗಲೇ ಅಂದು ಮುಗಿಸಿದ್ದರು.