ಹೆರಿಗೆಗೆ ಹೊರಟವಳು

ಟೆಸ್ಸಾ ಲೊವಾಸ್ ಎಂಬ ಹೆಸರು ವಿಲ್ಮಾ ಡೂಲಿಯ ಕಿವಿಗೆ ಮೊದಲು ಬಿದ್ದದ್ದು ಜೂನ್ ಮೊದಲ ವಾರ, ಒಂಟಾರಿಯೊದ ತಮ್ಮೂರಿನ ದಿನಸಿ ಅಂಗಡಿಯಲ್ಲಿ.

"ನಿಮ್ಮ ಕೆರೆ ರಸ್ತೆ ಹೆಸರುವಾಸಿ ಆಗೋಯ್ತಲ್ಲ ವಿಲ್ಮಾ!" ಎಂದು ಗಲ್ಲಾದಲ್ಲಿದ್ದ ಗ್ಲೆನಿಸ್ ಫೋನು ತೋರಿಸಿದಳು. ವಿಡಿಯೋದಲ್ಲಿ ಟೆಸ್ಸಾ, ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷ ಪರಿಸರ ಓದುವ ಹುಡುಗಿ, ರಸ್ತೆ ದಾಟುತ್ತಿದ್ದ ಆಮೆಯನ್ನು ಎತ್ತಿ ಹಿಂದಕ್ಕೆ ತಂದು ಕೆರೆಗೆ ಬಿಡುತ್ತಿದ್ದಳು. "ಮನೆಗೆ ಹೋಗು ಕಂದಾ" ಅನ್ನುತ್ತಿದ್ದಳು. ನಲವತ್ತು ಸಾವಿರ ಜನ ನೋಡಿದ್ದರಂತೆ.

ವಿಲ್ಮಾಳಿಗೆ ಆಮೆಯ ಗುರುತು ಸಿಕ್ಕಿತು. ಚಿಪ್ಪಿನ ಅಂಚು ಮುರಿದ ಹಲ್ಲಿನಂತಿದ್ದ ಮುದುಕಿ. ಗಂಡ ಹಾರ್ವಿ ಬದುಕಿದ್ದಾಗ ಪ್ರತಿ ಜೂನಿನಲ್ಲೂ ಹಿಮ ಎತ್ತುವ ಸಲಿಕೆಯ ಮೇಲೆ ಕೂರಿಸಿ ಅದನ್ನು ರಸ್ತೆಯಾಚೆಯ ಮರಳಿಗೆ ದಾಟಿಸುತ್ತಿದ್ದ. ಅದಕ್ಕೇ ಬೇಸಿಗೆಯಲ್ಲೂ ಆ ಸಲಿಕೆ ಬಾಗಿಲ ಬಳಿಯಿಂದ ಕದಲುತ್ತಿರಲಿಲ್ಲ.

ಆಮೇಲೆ ದಿನಾ ಕಾರುಗಳು. ವಿದ್ಯಾರ್ಥಿಗಳು ಬಕೆಟ್ ಹಿಡಿದು ಬಂದರು, ಎತ್ತಿದರು, ಕೆರೆಗೆ ಬಿಟ್ಟರು, ಫೋಟೊ ತೆಗೆದುಕೊಂಡು ಹೋದರು. ಗಂಟೆಯೊಳಗೆ ಮುದುಕಿ ಮತ್ತೆ ರಸ್ತೆಗೆ. ದಿಮ್ಮಿ ಹೇರಿದ ಲಾರಿಗಳೂ ಅದೇ ರಸ್ತೆಯಲ್ಲಿ. ವಿಲ್ಮಾ ಕಿಟಕಿಗೂ ಬಾಗಿಲಿಗೂ ತಿರುಗಿದ್ದೇ ತಿರುಗಿದ್ದು. ಒಲೆಯ ಮೇಲಿನ ನೀರು ಎರಡು ಸಲ ಬತ್ತಿತು. ಮೊಣಕಾಲು ನೋವಿನಲ್ಲಿ ಅವಳು ಸಲಿಕೆ ಹಿಡಿದು ಮೆಟ್ಟಿಲಿಳಿಯುವಷ್ಟರಲ್ಲಿ ಯಾರೋ ಎತ್ತಿಕೊಂಡಾಗಿರುತ್ತಿತ್ತು.

ನಾಲ್ಕನೆಯ ದಿನ ಟೆಸ್ಸಾ ತಾನೇ ಬಂದು ಮುದುಕಿಯ ಬಾಲಕ್ಕೆ ಕೈ ಹಾಕಿದಳು. ವಿಲ್ಮಾ ನೋವು ಮರೆತು ಓಡಿದಳು.

"ಬಿಡೇ ಬಾಲ! ಬೆನ್ನುಮೂಳೆ ಮುರಿದೋಗುತ್ತೆ!"

"ಜೂನಲ್ಲಿ ಹಿಮದ ಸಲಿಕೆನಾ ಅಜ್ಜಿ?" ಹುಡುಗಿ ನಕ್ಕಳು. "ನಾನು ಇದನ್ನ ಮನೆಗೆ ಕಳಿಸ್ತಿದೀನಿ."

"ಮನೆಯಿಂದ್ಲೇ ಹೊರಟಿರೋದು ಕಣೇ! ಹೆರಿಗೆಗೆ ಹೋಗ್ತಿದಾಳೆ ಅವಳು. ಹೊಟ್ಟೆ ತುಂಬ ಮೊಟ್ಟೆ. ಆಸ್ಪತ್ರೆ ಬಾಗಿಲಿಗೆ ಬಂದ ಬಸುರೀನ ಯಾರಾದ್ರೂ ವಾಪಸ್ ಎಳ್ಕೊಂಡು ಹೋಗ್ತಾರೇನೇ? ಯಾರು ಹೇಳಿಕೊಟ್ಟಿದ್ದು ನಿಂಗೆ?"

"ಒಂದು ವಿಡಿಯೋದಲ್ಲಿ..." ಟೆಸ್ಸಾ ಬಾಲ ಬಿಟ್ಟಳು. "ಅದ್ರಲ್ಲಿದ್ದದ್ದು ಕಡಲಾಮೆ ಮರಿಗಳು. ನೀರಿಗೇ ಬಿಡ್ತಿದ್ರು."

"ಮೂರು ವರ್ಷ ಓದಿದೀಯಂತೆ, ಇದರ ಮುಖ ಯಾವ ಕಡೆ ಇದೆ ಅಂತ ನೋಡಬಾರದಾ?"

ತಿರುವಿನಾಚೆ ಲಾರಿಯ ಸದ್ದು. ವಿಲ್ಮಾ ಸಲಿಕೆ ಚಾಚಿದಳು. ಟೆಸ್ಸಾ ಅದನ್ನು ಹಿಂದಿನಿಂದ ಚಿಪ್ಪಿನಡಿಗೆ ತೂರಿಸಿ, ಆಮೆ ಮುಖ ಮಾಡಿದ್ದ ಕಡೆಗೇ ದಾಟಿಸಿದಳು. ಲಾರಿ ಗಾಳಿ ಬೀಸಿ ಹೋಯಿತು. ಮುದುಕಿ ಆಗಲೇ ಮರಳು ಕೆದಕುತ್ತಿತ್ತು.

"ನಲವತ್ತು ಸಾವಿರ ಜನ," ಟೆಸ್ಸಾ ರಸ್ತೆಬದಿಯಲ್ಲೇ ಕೂತಳು. "ಅವರೆಲ್ಲ ಈಗ ಎಲ್ಲೆಲ್ಲಿ ಆಮೆಗಳನ್ನ ವಾಪಸ್ ಬಿಡ್ತಿದಾರೋ!" ಎದ್ದಳು, ಕೂತಳು, ಮತ್ತೆ ಎದ್ದಳು. ತನ್ನ ವಿಡಿಯೋ ಅಳಿಸಿದಳು. ಅಳಿಸಿದರೆ ನೋಡಿದವರ ತಲೆಯಿಂದ ಹೋದೀತೇ? ಕೊನೆಗೆ ಮನೆ ಮುಂದಿನ ಅಂಚೆ ಡಬ್ಬಿಯ ಮೇಲಿನ ಹೆಸರು ಓದಿಕೊಂಡು, ಫೋನಿನ ಕ್ಯಾಮೆರಾವನ್ನು ವಿಲ್ಮಾಳ ಕಡೆ ತಿರುಗಿಸಿದಳು.

"ಮಿಸೆಸ್ ಡೂಲಿ, ನನ್ನನ್ನ ಇನ್ನೊಂದ್ಸಲ ಬೈತೀರಾ? ಈಗ ಬೈದ ಹಾಗೇ. ಒಂದು ಮಾತೂ ಬಿಡಬೇಡಿ."