ಕೈಗೇ ಕೊಡಬೇಕಾದ ತುಂಡು

ಇಪ್ಪತ್ತೆರಡು ವರ್ಷ ನಾನು ಕೆಲಸ ಮಾಡಿದ್ದು ಉತ್ತರದ ಕಡೆಯ ಒಂದು ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ. ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವುದು ನನ್ನ ಕೆಲಸ. ನಾನು ಅಳೆದದ್ದನ್ನು ಪಕ್ಕದ ಮೇಜಿನವನು ಇನ್ನೊಮ್ಮೆ ನೋಡುತ್ತಿದ್ದ. ಅವನು ನಮ್ಮ ತುಮಕೂರು ಜಿಲ್ಲೆಯದೇ ಸಿ.ಎಸ್. ಪುರದವನು, ನಾನು ಕುಣಿಗಲ್‌ನವನು. ಇಡೀ ಶೆಡ್ಡಿನಲ್ಲಿ ಕನ್ನಡ ನಮ್ಮಿಬ್ಬರದೇ. ಹಿಂದಿಯಲ್ಲಿ ಬೈದರೆ ನನಗೆ ಸಿಟ್ಟೇ ಇಳಿಯುತ್ತಿರಲಿಲ್ಲ. ಅದಕ್ಕೂ ಅವನೇ ಬೇಕಿತ್ತು.

ನಮ್ಮಲ್ಲೊಂದು ಪದ್ಧತಿಯಿತ್ತು. ಅವನು ತಪ್ಪು ಹಿಡಿದರೆ ತುಂಡನ್ನು ಟ್ರೇಯಲ್ಲಿ ವಾಪಸು ಕಳಿಸುವಂತಿಲ್ಲ. ಎದ್ದು ಬಂದು ಕೈಗೇ ಕೊಡಬೇಕು, ತಪ್ಪು ಮಾಡಿದ ನಾನು ಟೀ ಕುಡಿಸಬೇಕು. "ಏನ್ಲಾ, ಕಣ್ಣು ಕುಣಿಗಲ್ ಕೆರೇಲಿ ಬಿಟ್ ಬಂದಿದ್ಯಾ?" ಎನ್ನುತ್ತಿದ್ದ.

ಆಮೇಲೆ ಸರ್ಕಾರ ಕಾರ್ಖಾನೆಯನ್ನು ಕಂಪನಿ ಮಾಡಿತು. ಬೋರ್ಡು ಬದಲಾಯಿತು, ಮುಂದೆ ಖಾಸಗಿಯವರ ಬಂಡವಾಳವೂ ಬರುತ್ತದಂತೆ ಎಂಬ ಮಾತು ಹಬ್ಬಿತು. ನಾವು ಸರ್ಕಾರಿ ನೌಕರರೋ ಕಂಪನಿಯವರೋ ಎಂದು ಕೇಳಿದರೆ ಸಾಹೇಬರೇ ತಲೆ ಕೆರೆದುಕೊಳ್ಳುತ್ತಿದ್ದರು. ಏನೇ ಆಗಲಿ, ಇಬ್ಬರೂ ಬಿಟ್ಟು ಹೋಗಬಾರದು ಎಂದು ಮಾತು ಕೊಟ್ಟುಕೊಂಡೆವು. ನಾನು ತಪ್ಪಿದೆ. ಭಯವಾಯಿತು, ಅಷ್ಟೇ. ಅವನಿಗೆ ಹೇಳದೆ ಸ್ವಯಂನಿವೃತ್ತಿಗೆ ಅರ್ಜಿ ಹಾಕಿದೆ. ನೋಟೀಸ್ ಬೋರ್ಡಿನಲ್ಲಿ ನನ್ನ ಹೆಸರು ನೋಡಿದವನು ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಈಗ ತುಮಕೂರಿನಲ್ಲಿ ಬಾಡಿಗೆ ಮನೆ, ಕೋರದ ಹತ್ತಿರ ಖಾಸಗಿ ಘಟಕವೊಂದರಲ್ಲಿ ಅದೇ ಅಳತೆಯ ಕೆಲಸ. ಸುತ್ತ ಎಲ್ಲರೂ ಕನ್ನಡದವರೇ. ಆದರೂ ಊಟಕ್ಕೆ ಒಬ್ಬನೇ ಕೂರುತ್ತೇನೆ. ಅಲ್ಲಿ ನನ್ನನ್ನು ಹಿಡಿದಿಟ್ಟದ್ದು ಕನ್ನಡ ಎಂದುಕೊಂಡಿದ್ದೆ. ಕನ್ನಡವಲ್ಲ, ಅವನು ಎಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಕಳೆದ ವರ್ಷ ನಮ್ಮ ಘಟಕಕ್ಕೆ ಆ ಹಳೆಯ ಕಾರ್ಖಾನೆಯಿಂದಲೇ ಬಿಡಿಭಾಗಗಳ ಆರ್ಡರ್ ಬಂತು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ, ನನ್ನ ಸಹಿಯ ರಿಪೋರ್ಟು ಒಂದು ದಿನ ಅವನ ಮೇಜಿಗೆ ಹೋಗೇ ಹೋಗುತ್ತದೆ ಎಂದು ಕಾದೆ. ಹೋಯಿತು. ಒಂದು ತುಂಡು ಫೇಲಾದ ಗುರುತಿಗೆ ಕೆಂಪು ಬಣ್ಣ ಬಳಿಸಿಕೊಂಡು ಕೊರಿಯರಿನಲ್ಲಿ ವಾಪಸೂ ಬಂತು. ಜೊತೆಗಿದ್ದ ಫಾರಂನಲ್ಲಿ ಅವನ ಸಹಿ. ಅಳೆದು ನೋಡಿದೆ, ತಪ್ಪು ನನ್ನದೇ. ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿ, ತಕ್ಷಣ ಫೋನ್ ಮಾಡಿದೆ.

"ನಾನ್ ಕಣೋ. ಟೀ ನಂದೇ. ರಿಪೋರ್ಟಲ್ಲಿ ನನ್ ಸೈನ್ ನೋಡ್ಲಿಲ್ವಾ?"

"ನೋಡ್ದೆ. ಅದಕ್ಕೇ ಮೂರ್ ಸಲ ಅಳ್ದೆ," ಎಂದ. "ನೀವೀಗ ಸಪ್ಲೈಯರ್ ಕಡೆಯವ್ರು. ಹಿಂಗೆಲ್ಲ ಫೋನ್ ಮಾಡಂಗಿಲ್ಲ. ಏನಿದ್ರೂ ಮೇಲ್ ಹಾಕಿ."

ಮೇಲ್ ಬರೆಯಲು ಕೂತೆ. ಇಪ್ಪತ್ತೆರಡು ವರ್ಷ ನನ್ನನ್ನು ಏನ್ಲಾ ಎಂದು ಕರೆದವನಿಗೆ 'ಮಾನ್ಯರೇ' ಎಂದು ಶುರು ಮಾಡಿದೆ. ತುಂಡಿನ ಅಳತೆಯನ್ನಷ್ಟೇ ಬರೆದು ಕಳಿಸಿದೆ.