ಆ ಫೋಟೊದಲ್ಲಿ ನನಗೆ ಹುಷಾರಿರಲಿಲ್ಲ

ಮೂರು ವರ್ಷದ ಹಿಂದಿನ ಮಾತು. ನಮ್ಮೂರು ಇಳಕಲ್. ಬಾಗಲಕೋಟೆಯಲ್ಲಿ ರೂಮು ಮಾಡಿಕೊಂಡು ಬಿ.ಕಾಂ. ಓದುತ್ತಿದ್ದೆ. ಚಿಕ್ಕಂದಿನಿಂದ ಎಲ್ಲರ ಬಾಯಲ್ಲೂ ನಾನು ‘ಡುಮ್ಮ’. ಜಿಮ್ ಸೇರಿದ ಮೇಲೆ ತೂಕ ಇಳಿಯಿತು, ಜನ ಹೊಗಳಿದರು. ಆಮೇಲೆ ತೂಕ ಇಳಿಸುವುದನ್ನು ನಿಲ್ಲಿಸಲು ನನ್ನಿಂದಾಗಲಿಲ್ಲ. ಒಂದು ರೊಟ್ಟಿ ತಿಂದರೂ ತಪ್ಪು ಮಾಡಿದಂತೆ ಅನ್ನಿಸುತ್ತಿತ್ತು. ಜಿಮ್ಮಿನ ಮಾಲೀಕ ನನ್ನ ಎರಡು ಫೋಟೊಗಳಿಗೆ ‘ಮೊದಲು’, ‘ಈಗ’ ಎಂದು ಬರೆಸಿ ಬಾಗಿಲ ಮೇಲೆ ದೊಡ್ಡ ಫ್ಲೆಕ್ಸ್ ಕಟ್ಟಿದ.

ಅದಾಗಿ ತಿಂಗಳೊಳಗೆ ಬಾದಾಮಿ ಗುಹೆಗಳ ಮೆಟ್ಟಿಲ ಮೇಲೆ ಗೆಳೆಯರ ಎದುರೇ ಕುಸಿದು ಬಿದ್ದೆ. ದವಾಖಾನೆಯಲ್ಲಿ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, “ಇದು ಹಟ ಅಲ್ಲಪಾ, ಬ್ಯಾನಿ. ಗಂಡಹುಡುಗರಿಗೂ ಬರ್ತೈತಿ. ಆರಾಮ ಆಗ್ತೈತಿ, ಆದ್ರ ಟೈಮ್ ಹಿಡೀತೈತಿ” ಎಂದರು.

ಹಿಡಿಯಿತು. ವರ್ಷವಿಡೀ ಊರಲ್ಲೇ ಉಳಿದೆ. ಅವ್ವ ಹೊತ್ತುಹೊತ್ತಿಗೆ ತಾಟು ಇಟ್ಟು ಎದುರು ಕೂಡುತ್ತಿದ್ದಳು. ನಾನು ತಾಟು ಸರಿಸಿ ಅಳುತ್ತಿದ್ದೆ; ಒಮ್ಮೆ ಅವಳನ್ನೇ ಬೈದೆ. “ಬೈಯಿ. ನಾ ಅಂತೂ ಏಳೂದಿಲ್ಲ” ಎಂದಳು. ತಿಂಗಳಿಗೊಮ್ಮೆ ಇಬ್ಬರೂ ಬಸ್ ಹತ್ತಿ ಡಾಕ್ಟರಮ್ಮನ ಹತ್ತಿರ ಹೋಗಿ ಬರುತ್ತಿದ್ದೆವು. ನಿಧಾನಕ್ಕೆ ಮೈ ತುಂಬಿತು.

ಕಳೆದ ವರ್ಷ ಮತ್ತೆ ಕಾಲೇಜಿಗೆ ಬಂದೆ. ಫ್ಲೆಕ್ಸ್ ಹಾಗೇ ಇತ್ತು! ನೋಡಿದ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಹೀಗೇ ಬಿಟ್ಟರೆ ಮತ್ತೆ ಊಟ ಬಿಟ್ಟು ಕುಸಿಯುತ್ತೇನೆ ಎಂದು ಭಯವಾಯಿತು. ಸಂಜೆ ಸೀದಾ ಜಿಮ್ಮಿಗೆ ಹೋದೆ.

“ಅಣ್ಣಾ, ಆ ಫ್ಲೆಕ್ಸ್ ತಗೀರಿ.”

“ಯಾಕಲೇ? ಅದನ್ನ ನೋಡೇ ಮಂದಿ ಬರ್ತಾರ. ಅಷ್ಟ್ ಛಲೋ ಇದ್ದಾಂವ ಹಿಂಗ್ಯಾಕ ಕೆಟ್ಟಿ?” ಮಾಲೀಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಡಂಬೆಲ್ಸ್ ಹಿಡಿದಿದ್ದವರು ನಕ್ಕರು.

“ಕೆಟ್ಟಿಲ್ರಿ, ಆರಾಮ ಆಗೇನಿ. ಆ ಫೋಟೊದಾಗ ಇದ್ದಾಂವ ಸಾಯಾಕತ್ತಿದ್ದ.”

ನಗು ನಿಂತಿತು. “ಕೂಡು, ಆಮ್ಯಾಲ ನೋಡೂಣು” ಎಂದ ಮಾಲೀಕ. ನಾನು ಕೂಡಲಿಲ್ಲ. ಅಲ್ಲಿದ್ದ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದು ಹತ್ತಿ, ಒಂದೊಂದೇ ಹಗ್ಗ ಬಿಚ್ಚಿದೆ. ಯಾರೂ ತಡೆಯಲಿಲ್ಲ. ಫ್ಲೆಕ್ಸ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಬಿದ್ದೆ.

ಅಲ್ಲಿಂದ ಹತ್ತಿರದ ಖಾನಾವಳಿಗೆ ಹೋಗಿ, ಮೂಲೆ ಹುಡುಕದೆ, ಎಲ್ಲರಿಗೂ ಕಾಣುವ ಮುಂದಿನ ಟೇಬಲ್ಲಿನಲ್ಲೇ ಕೂತೆ. ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಮೂರನೆಯ ರೊಟ್ಟಿಯನ್ನು ನಾನೇ ಕೂಗಿ ಕೇಳಿದೆ.

ಇಂದಿಗೂ ಕೆಲವು ದಿನ ತಾಟಿನ ಮುಂದೆ ಹೆದರಿಕೆಯಾಗುತ್ತದೆ. ಆಗಲಿ. ಹೆದರಿಕೊಂಡೇ ಉಣ್ಣುತ್ತೇನೆ.